ನಡುಕಟ್ಟು

ನಡುವಿಗೆ ಕಟ್ಟಿದ್ದ ಫೋನು ಎರಡು ಸಲ ಅದುರಿ ನಿಂತಿತು. ಕೊತ್ತಂಬರಿ ಸೊಪ್ಪು, ಅಂದುಕೊಂಡಳು ಕಲಾವತಿ. ಓಟ ನಿಲ್ಲಿಸಲಿಲ್ಲ. ಎಡಗಡೆ ಸಮುದ್ರದ ಮೇಲೆ ಸೂರ್ಯ ಆಗಲೇ ಒಂದಾಳೆತ್ತರ ಬಂದಿದ್ದ. ಮರೀನಾದ ರಸ್ತೆಯನ್ನು ಪೊಲೀಸರು ಇಡಿಯಾಗಿ ಓಟಗಾರರಿಗೆ ಬಿಟ್ಟುಕೊಟ್ಟಿದ್ದರು. ವಾರಕ್ಕೆ ಆರು ದಿನ ಇದೇ ರಸ್ತೆಯನ್ನು ಅವಳು ಬಸ್ಸಿನಲ್ಲಿ ಯಾರದೋ ಕಂಕುಳ ಕೆಳಗಿನಿಂದ ನೋಡುತ್ತಿದ್ದಳು. ಇವತ್ತು ಅದರ ನಟ್ಟನಡುವಿನ ಗೆರೆಯ ಮೇಲೇ ಕಾಲಿಟ್ಟು ಓಡುತ್ತಿದ್ದಾಳೆ, ಹಾರನ್ನಿಲ್ಲ, ಬೈಗುಳವಿಲ್ಲ, ಬದಿಯಲ್ಲಿ ನಿಂತ, ಬೇಯಿಸಿದ ಕಡಲೆಯ ಸುಂಡಲ್ ಮಾರುವವನು ಚಪ್ಪಾಳೆ ಬೇರೆ ತಟ್ಟುತ್ತಿದ್ದಾನೆ. ಹತ್ತು ಕಿಲೋಮೀಟರಿನ ಓಟ ಆರು ಗಂಟೆಗೆ ಶುರುವಾಗಬೇಕಿತ್ತು. ಮುಖ್ಯ ಅತಿಥಿ ಎದ್ದು ಬರುವಷ್ಟರಲ್ಲಿ ಆರೂ ಮುಕ್ಕಾಲಾಯಿತು. ಈಗ ಮೂರನೆಯ ಕಿಲೋಮೀಟರು. ಅವಳ ಮುಂದೆ ಇದ್ದ ಹೆಂಗಸರು ಇಬ್ಬರೇ. ಅವರಲ್ಲಿ ಒಬ್ಬಳು ಪೊಲೀಸು ಇಲಾಖೆಯವಳು, ಅವಳ ಮಾತು ಬೇರೆ. ಇನ್ನೊಬ್ಬಳು ಕೆಂಪು ಬನಿಯನ್ನಿನ ಹುಡುಗಿ, ಹೆಜ್ಜೆ ಆಗಲೇ ಭಾರವಾಗುತ್ತಿತ್ತು. ಇವಳನ್ನು ಹಿಡೀತೀನಿ ಎಂದು ಕಲಾವತಿಗೆ ಗೊತ್ತಾಯಿತು, ಗೊತ್ತಾದದ್ದೇ ಮೈಯೆಲ್ಲ ಜುಮ್ಮೆಂದಿತು. ಮೂವತ್ತಾರು ವರ್ಷದ ವಿಮಾ ಕಚೇರಿಯ ಗುಮಾಸ್ತೆಗೆ, ಪಾಲಿಸಿ ಕಾಗದಕ್ಕೆ ಮೊಹರು ಹೊಡೆದೂ ಹೊಡೆದೂ ಬಲಗೈ ಹೆಬ್ಬೆರಳು ನೀಲಿಯಾದವಳಿಗೆ, ಇಂಥ ದುರಾಸೆ ಇನ್ನೂ ಉಳಿದಿದೆಯೆಂದು ನಗುವೂ ಬಂತು.

ಎರಡು ರಿಂಗು ಅಂದರೆ ಬರುವಾಗ ಅಂಗಡಿಯಿಂದ ಏನಾದರೂ ತಾ ಎಂದರ್ಥ. ಒಂದು ರಿಂಗು ಅಂದರೆ ಎದ್ದಿದ್ದೇನೆ, ಹಾಲು ಬಂತು, ಎಲ್ಲ ಸರಿ. ಈ ಲಿಪಿಯನ್ನು ಕಲಾವತಿಯೇ ಅತ್ತೆ ಕರಿಯಮ್ಮನಿಗೆ ಕಲಿಸಿದ್ದು, ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನ ಫೋನಿನ ಮುಂದೆ ಕೂರಿಸಿ, ಕೆಂಪು ಶಾಯಿಯಲ್ಲಿ ಒತ್ತಬೇಕಾದ ಗುಂಡಿಗಳನ್ನು ಗೋಡೆಯ ಮೇಲೆ ಬರೆದು. ಏನಾದರೂ ಅಂದರೆ ನೂರಕ್ಕೆ ತೊಂಬತ್ತು ಸಲ ಕೊತ್ತಂಬರಿ ಸೊಪ್ಪೇ. ಮಂಡ್ಯದ ಕಡೆಯ ಕರಿಯಮ್ಮನಿಗೆ ಪೆರಂಬೂರಿನ ಸೊಪ್ಪಿನವಳನ್ನು ಕಂಡರಾಗುವುದಿಲ್ಲ, ಅವಳ ಸೊಪ್ಪಿಗೆ ಬೇರಿದೆ, ವಾಸನೆಯಿಲ್ಲ ಎಂದು ದಿನವೂ ಅವಳಿಗೆ ಕನ್ನಡದಲ್ಲಿ ಬೈಯುತ್ತಾಳೆ, ಅವಳು ತಮಿಳಿನಲ್ಲಿ ತಿರುಗಿಸಿ ಬೈಯುತ್ತಾಳೆ, ಒಬ್ಬರ ಬೈಗುಳ ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಲಿಪಿಯಲ್ಲಿ ಮೂರನೆಯದೂ ಒಂದಿತ್ತು. ನಿಲ್ಲದೆ ಉದ್ದಕ್ಕೆ ಬರುವ ರಿಂಗು. ಅದು ಕರಿಯಮ್ಮನದಲ್ಲ. ಅದು ಎಗ್ಮೋರಿನ ಮಕ್ಕಳ ಮನೆಯವರದು, ದತ್ತಿಗೆ ಮಗು ಬಂದಿದೆ ಬನ್ನಿ ಎನ್ನುವುದಕ್ಕೆ. ಅದಕ್ಕಾಗಿ ಯಾವಾಗಲೂ ಲೈನು ಖಾಲಿ ಇರಬೇಕು, ನೀವು ಮಾತ್ರ ಅಪ್ಪಿತಪ್ಪಿಯೂ ಉದ್ದಕ್ಕೆ ಬಾರಿಸಬೇಡಿ ಎಂದು ಕಲಾವತಿ ಅತ್ತೆಯಿಂದ ಆಣೆ ಮಾಡಿಸಿಕೊಂಡಿದ್ದಳು. ಗಂಡ ಶಿವರಾಮು ರೈಲಿನಲ್ಲಿ ಟಿಕೆಟ್ ತಪಾಸಣೆಯವನು, ತಿಂಗಳಲ್ಲಿ ಇಪ್ಪತ್ತು ದಿನ ಊರಿನಲ್ಲಿರುವುದಿಲ್ಲ. ಮನೆಗೆ ಒಂದೇ ಒಂದು ಮೊಬೈಲು ತಂದು ಅದನ್ನು ಹೆಂಡತಿಗೇ ಕೊಟ್ಟಿದ್ದ. ನಿನ್ನ ಹತ್ತಿರವೇ ಇರಲಿ, ಸ್ನಾನಕ್ಕೆ ಹೋದರೂ ಬಾಗಿಲ ಹೊರಗಿಟ್ಟುಕೋ ಅಂದಿದ್ದ. ಕರೆದಾಗ ಬರದಿದ್ದರೆ ಪಟ್ಟಿಯಲ್ಲಿ ಮುಂದಿನ ಹೆಸರಿಗೆ ಹೋಗುತ್ತೇವೆ ಎಂದು ಮಕ್ಕಳ ಮನೆಯಲ್ಲಿ ಮೊದಲ ದಿನವೇ ಹೇಳಿದ್ದರು.

ಸ್ನಾನಕ್ಕೆ ಇಟ್ಟುಕೊಳ್ಳಬಹುದು, ಓಡುವಾಗ ಎಲ್ಲಿಟ್ಟುಕೊಳ್ಳುವುದು. ಗಂಡಸರಿಗೆ ದೇವರು ಜೇಬು ಕೊಟ್ಟಿದ್ದಾನೆ. ಮೊದಲ ವಾರ ಕೈಯಲ್ಲಿ ಹಿಡಿದು ಓಡಿದಳು, ಬೆವರಿಗೆ ಜಾರಿ ಕಾಸಿಮೇಡಿನ ಮೀನಿನ ಗಾಡಿಯ ಚಕ್ರದ ಹತ್ತಿರ ಹೋಗಿ ಬಿತ್ತು. ಆಮೇಲೆ ಕಾಲುಚೀಲದಲ್ಲಿ, ಹರಡಿನ ಮೂಳೆಗೆ ಬಡಿದೂ ಬಡಿದೂ ಊದಿಕೊಂಡಿತು. ರವಿಕೆಯಲ್ಲಿ ಇಟ್ಟುಕೊಂಡರೆ ಬೆವರು ಒಳಗೆ ಇಳಿದು ಐದರ ಗುಂಡಿ ಸತ್ತಿತು. ಶಿವರಾಮುವಿನ ಬೆಲ್ಟಿನ ಚೀಲ ಹಾಕಿಕೊಂಡರೆ ಹೆಜ್ಜೆಗೊಮ್ಮೆ ಕುಣಿದು ಪಕ್ಕೆಗೆ ಗುದ್ದುತ್ತಿತ್ತು. ಇದನ್ನೆಲ್ಲ ಕರಿಯಮ್ಮ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ನೋಡುತ್ತಲೇ ಇದ್ದಳು. ಒಂದು ದಿನ ಎದ್ದು ತನ್ನ ಹಳೆಯ ಹತ್ತಿ ಸೀರೆಯ ಅಂಚನ್ನು ಪರ್ರೆಂದು ಹರಿದಳು, ಬಾ ಇಲ್ಲಿ ಅಂದಳು. ನಾಟಿ ಹಾಕುವಾಗ ಎಲೆ ಅಡಿಕೆ, ಹೊಗೆಸೊಪ್ಪು, ಬೀಗದ ಕೈ ಎಲ್ಲವನ್ನೂ ಹೀಗೇ ಸುತ್ತಿಕೊಳ್ಳುತ್ತಿದ್ದರಂತೆ, ದಿನವೆಲ್ಲ ಬಗ್ಗಿ ಎದ್ದರೂ ಒಂದು ಚೂರು ಜಾರುತ್ತಿರಲಿಲ್ಲವಂತೆ. ಎರಡು ಸುತ್ತು ಬರಿಯ ಬಟ್ಟೆ, ಮೂರನೆಯ ಸುತ್ತಿನಲ್ಲಿ ಸಾಮಾನು, ನಾಲ್ಕನೆಯದು ಬಿಗಿಯಾಗಿ, ಗಂಟು ಎಡಕ್ಕೆ. ಫೋನಿಗೆ ತೊಳೆದ ಹಾಲಿನ ಕವರು, ಅದರ ಪಕ್ಕ ಮನೆಯ ಬೀಗದ ಕೈ, ಬಸ್ಸಿನ ಪಾಸು, ಮಕ್ಕಳ ಮನೆಯ ನೋಂದಣಿ ಚೀಟಿ ನಾಲ್ಕು ಮಡಿಕೆ ಮಾಡಿ, ಬಾಯಾರಿದರೆ ಚೀಪಲು ಒಂದು ಬೆಲ್ಲದಚ್ಚು. ಕಟ್ಟುತ್ತ ಕಟ್ಟುತ್ತ ಮುದುಕಿಯ ಕೈ ನಿಧಾನವಾಯಿತು. ಬಾಣಂತಿಗೆ ನಡುಕಟ್ಟು ಕಟ್ಟುವುದೂ ಹೀಗೇ, ಇದೇ ಹಳೆಯ ಸೀರೆಯಲ್ಲಿ, ಇಷ್ಟೇ ಬಿಗಿಯಾಗಿ, ಇದೇ ಗಂಟು. ಕರಿಯಮ್ಮ ಊರಿನಲ್ಲಿ ಎಷ್ಟೋ ಬಾಣಂತಿಯರಿಗೆ ಕಟ್ಟಿದವಳು. ಕಲಾವತಿಗೂ ಗೊತ್ತಿತ್ತು, ನಾದಿನಿಗೆ ಕಟ್ಟುವಾಗ ಬಟ್ಟೆಯ ತುದಿ ಹಿಡಿದುಕೊಂಡು ನಿಂತಿದ್ದವಳು ಅವಳೇ. ನಾಚಿಕೆಯಿಂದ ಕಲಾವತಿಯ ಕಿವಿ ಬಿಸಿಯಾಯಿತು, ಹೆರದೆ ಕಟ್ಟಿಸಿಕೊಂಡೆನಲ್ಲ ಎಂದು. ಆದರೆ ಆವತ್ತು ಓಡಿದಾಗ ಹೊಟ್ಟೆಯ ಮೇಲೆ ಏನೂ ಕುಣಿಯಲಿಲ್ಲ.

ಮತ್ತೆ ಎರಡು ಸಲ ಅದುರಿತು. ಆಯಿತಮ್ಮ, ಎರಡು ಕಟ್ಟು ತರ್ತೀನಿ. ಕೆಂಪು ಬನಿಯನ್ನಿನ ಹುಡುಗಿ ಈಗ ಇಪ್ಪತ್ತು ಹೆಜ್ಜೆ ಮುಂದೆ. ಪಟ್ಟಿಣಪಾಕ್ಕಂ ಹತ್ತಿರ ತಿರುವು, ಮತ್ತೆ ಉತ್ತರಕ್ಕೆ, ಈಗ ಸಮುದ್ರ ಬಲಕ್ಕೆ ಬಂತು. ಹೈಸ್ಕೂಲಿನಲ್ಲಿ ಓಡುವಾಗ ಹೀಗೇ ಅನ್ನಿಸುತ್ತಿತ್ತು, ಕಾಲು ತನ್ನದಲ್ಲ, ಯಾರದೋ ಎರವಲು ತಂದದ್ದು, ಹಿಂತಿರುಗಿಸುವ ಮೊದಲು ಚೆನ್ನಾಗಿ ಬಳಸಿಕೊಂಡು ಬಿಡಬೇಕು ಎಂದು. ಮದುವೆಯಾಗಿ ಮೂರು ವರ್ಷ ಹೊಟ್ಟೆ ತುಂಬದೆ ಹೋದಾಗ ಎಲ್ಲರೂ ಅವಳ ಕಾಲನ್ನೇ ನೋಡಿದರು. ಓಡೋ ಹೊಟ್ಟೇಲಿ ಏನು ನಿಂತೀತು ಎಂದು ಕರಿಯಮ್ಮ ಆಗ ಅಂದಿದ್ದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಹೊಲದಲ್ಲಿ ಬೀಜ ನಿಲ್ಲದಿದ್ದರೆ ನೀರಿನ ರಭಸ ನೋಡುವ ಹಾಗೆ. ಡಾಕ್ಟರಮ್ಮನೂ ಸ್ವಲ್ಪ ಬಿಟ್ಟು ನೋಡಿ ಅಂದಳು. ಏಳು ವರ್ಷ ಬಿಟ್ಟು ನೋಡಿದಳು. ಏಳು ವರ್ಷ ಮೆಟ್ಟಿಲನ್ನೂ ಒಂದೊಂದಾಗಿ ಇಳಿದಳು, ಬಸ್ಸು ಹೊರಟರೂ ಓಡಲಿಲ್ಲ, ಮುಂದಿನ ಬಸ್ಸಿಗೆ ಕಾದಳು. ಮಕ್ಕಳ ಮನೆಯ ಪುಸ್ತಕದಲ್ಲಿ ಹೆಸರು ಬರೆಸಿದ ಮಾರನೆಯ ಬೆಳಿಗ್ಗೆ ಎದ್ದು, ಯಾರನ್ನೂ ಕೇಳದೆ, ಪೆರಂಬೂರಿನ ರೈಲ್ವೆ ಮೈದಾನಕ್ಕೆ ಹೋಗಿ ಒಂದು ಸುತ್ತು ಓಡಿದಳು. ಉಸಿರು ಸಿಕ್ಕದೆ ಗೋಲಿನ ಕಂಬ ಹಿಡಿದುಕೊಂಡು ನಿಂತಾಗ ಅಳು ಬಂತೋ ನಗು ಬಂತೋ ಅವಳಿಗೆ ನೆನಪಿಲ್ಲ. ಯಾವುದಾದರೂ ಒಂದು ಬಂದಿತ್ತು.

ಹೋದ ತಿಂಗಳು ಇದೇ ಬೀಚಿನಲ್ಲಿ ವಾಕಿಂಗಿಗೆ ಬಂದ ಒಬ್ಬ ಮುದುಕಿ ಅವಳ ಹೊಟ್ಟೆಯ ಉಬ್ಬು ನೋಡಿ ಕೈಹಿಡಿದು ನಿಲ್ಲಿಸಿದ್ದಳು. ಎತ್ತನೆ ಮಾಸಂಮಾ ಎಂದು ಕೇಳಿದಳು, ಎಷ್ಟು ತಿಂಗಳು ಎಂದು. ಫೋನು ಎಂದು ಬಿಚ್ಚಿ ತೋರಿಸಬಹುದಿತ್ತು. ಕಲಾವತಿ ಅಂಜು ಅಂದಳು, ಐದು. ಹೆಸರು ಬರೆಸಿ ಐದು ತಿಂಗಳಾಗಿತ್ತು, ಪೂರ್ತಿ ಸುಳ್ಳೇನೂ ಅಲ್ಲ. ಮುದುಕಿ ಅವಳ ಗಲ್ಲ ಸವರಿ, ಹೀಗೆ ಓಡಬಾರದು ಕಂದಾ, ನಿಧಾನ ನಡಿ ಎಂದು ಬುದ್ಧಿ ಹೇಳಿದಳು. ಕಲಾವತಿ ಲೈಟ್‌ಹೌಸಿನವರೆಗೆ ನಿಧಾನವಾಗಿ ನಡೆದಳು, ಸೊಂಟಕ್ಕೆ ಕೈ ಕೊಟ್ಟುಕೊಂಡು ಬೇರೆ. ಮುದುಕಿಯ ಕಣ್ಣಿಗೆ ಮರೆಯಾದ ಮೇಲೆ ನಾಚಿಕೆಯಾಯಿತು, ಆದರೂ ಆ ನಡಿಗೆಯ ರುಚಿ ಎರಡು ದಿನ ಬಾಯಲ್ಲಿ ಉಳಿದಿತ್ತು. ಒಂದು ಸುಳ್ಳು ಹೇಳಿದರೆ ಇನ್ನೊಂದು ಸಲೀಸು. ಅದಕ್ಕೂ ಮೊದಲು ಮಕ್ಕಳ ಮನೆಯ ಲೀಲಮ್ಮ ಕ್ವಾರ್ಟರ್ಸಿಗೆ ಬಂದು ಮನೆ, ನೀರು, ಗಾಳಿ, ಗಂಡಹೆಂಡಿರ ಮುಖ ಎಲ್ಲವನ್ನೂ ನೋಡಿ ಬರೆದುಕೊಂಡ ದಿನ, ಬಾಗಿಲ ಪಕ್ಕದಲ್ಲಿದ್ದ ಓಟದ ಬೂಟುಗಳ ಮೇಲೆ ಅವಳ ಕಣ್ಣು ನಿಂತಿತ್ತು. ಲೀಲಮ್ಮ ಕೋಲಾರದ ಚಿನ್ನದ ಗಣಿಯ ಕಡೆ ಬೆಳೆದವಳು, ತಮಿಳು ಬೆರೆತ ಕನ್ನಡದಲ್ಲಿ ಮಾತಾಡುತ್ತಾಳೆ. ಇದು ಯಾರ್ದು, ನೀವು ಓಡ್ತೀರಾ, ಹಂಗಾದ್ರೆ ಕಾಲೈಲಿ, ಬೆಳಿಗ್ಗೆ ಹೊತ್ತು, ಮಗೂನ ಯಾರು ನೋಡ್ಕೊಳ್ತಾರೆ ಎಂದು ಒಂದೇ ಉಸಿರಿಗೆ ಕೇಳಿದಳು. ಶಿವರಾಮು ಬಾಯಿ ತೆರೆಯುವ ಮೊದಲೇ ಕಲಾವತಿ, ಹಳೇದು ಮೇಡಂ, ಓಡೋದು ಬಿಟ್ಟು ಎಷ್ಟೋ ವರ್ಷ ಆಯ್ತು ಅಂದುಬಿಟ್ಟಳು. ಬೂಟಿನ ಅಡಿಯಲ್ಲಿ ಆ ಬೆಳಗಿನ ಮರಳು ಇನ್ನೂ ಹಸಿಯಾಗಿತ್ತು. ಒಳಗಿನಿಂದ ಕಾಫಿ ತಂದ ಕರಿಯಮ್ಮ ಕಾಲಿನಿಂದಲೇ ಬೂಟನ್ನು ಮೆಲ್ಲಗೆ ಬಾಗಿಲ ಹಿಂದಕ್ಕೆ ತಳ್ಳಿದಳು. ಲೀಲಮ್ಮ ಏನೋ ಬರೆದುಕೊಂಡಳು. ಆ ಸಾಲು ಏನೆಂದು ಕಲಾವತಿ ಐದು ತಿಂಗಳಿಂದ ಯೋಚಿಸುತ್ತಿದ್ದಾಳೆ.

ಗಾಂಧಿ ಪ್ರತಿಮೆ ದಾಟಿದ ಮೇಲೆ ಕೆಂಪು ಬನಿಯನ್ನಿನ ಹುಡುಗಿಯನ್ನು ಹಿಡಿದಳು. ಹಿಡಿದದ್ದಷ್ಟೇ ಅಲ್ಲ, ದಾಟಿದಳು. ದಾಟುವಾಗ ಹುಡುಗಿ ತಿರುಗಿ ನೋಡಿದ್ದು ಇವಳ ಮುಖವನ್ನಲ್ಲ, ಕಿವಿಯ ಹತ್ತಿರದ ನರೆಗೂದಲನ್ನು. ಆ ನೋಟ ಕಲಾವತಿಗೆ ಎಷ್ಟು ಖುಷಿ ಕೊಟ್ಟಿತೆಂದರೆ ಜೋರಾಗಿ ಕೂಗಬೇಕೆನ್ನಿಸಿತು. ಎರಡನೆಯ ಸ್ಥಾನ. ಕಚೇರಿಯ ಸುಗುಣಾ ಓಟ ಮುಗಿಯುವ ಗೆರೆಯ ಹತ್ತಿರ ಕ್ಯಾಮೆರಾ ಹಿಡಿದು ನಿಂತಿರುತ್ತೇನೆ ಎಂದಿದ್ದಾಳೆ. ನಾಳೆ ಮೊಹರು ಹೊಡೆಯುವ ಮೇಜಿನ ಮೇಲೆ ಪದಕ ಇಟ್ಟುಕೊಂಡು ಕೂತರೆ ಏನಾದೀತು. ಆಗ ಹೊಟ್ಟೆಯ ಮೇಲೆ ಮತ್ತೆ ಅದುರಿತು, ಮತ್ತು ಕಲಾವತಿಯ ಮನಸ್ಸಿನಲ್ಲಿ, ಅವಳು ತಡೆಯುವ ಮೊದಲೇ, ಒಂದು ಮಾತು ಹಾದುಹೋಯಿತು: ಉದ್ದ ರಿಂಗಾಗದಿರಲಿ. ಇವತ್ತು ಬೇಡ, ಓಟ ಮುಗಿಯಲಿ, ಹತ್ತು ಗಂಟೆಯ ಮೇಲೆ ಬರಲಿ. ಎರಡಕ್ಕೆ ನಿಂತಿತು. ನಿಂತದ್ದಕ್ಕೆ ಅವಳಿಗೆ ಸಮಾಧಾನವಾಯಿತು. ಆ ಸಮಾಧಾನವನ್ನು ಅವಳು ಕಂಡಳು. ಯಾರೋ ತನ್ನ ಮನೆಯ ಒಳಕೋಣೆಯಿಂದ ಹೊರಗೆ ಬಂದದ್ದನ್ನು ಕಂಡ ಹಾಗೆ ಕಂಡಳು. ಹತ್ತು ವರ್ಷದ ಉಪವಾಸ, ಹರಕೆ, ಚುಚ್ಚುಮದ್ದು, ಸೀಮಂತದ ಮನೆಗಳಲ್ಲಿ ಹಿಂದಿನ ಸಾಲು, ಇಷ್ಟೆಲ್ಲ ಆದಮೇಲೆ, ಒಂದು ತಗಡಿನ ಪದಕಕ್ಕೆ ಮಗು ಎರಡು ಗಂಟೆ ತಡವಾಗಿ ಬರಲಿ ಎಂದವಳು ತಾನು. ನನ್ನಂಥವಳಿಗೆ ಕೊಡದೆ ಇದ್ದದ್ದೇ ಸರಿ ಎಂದುಕೊಂಡಳು. ಹಾಗಂದುಕೊಂಡರೂ ಕಾಲು ನಿಧಾನವಾಗಲಿಲ್ಲ, ಅದು ಇನ್ನೂ ದೊಡ್ಡ ಅವಮಾನ.

ಅದುರಿತು, ನಿಂತಿತು. ಇನ್ನೂರು ಹೆಜ್ಜೆಗೆ ಮತ್ತೆ ಅದುರಿತು, ನಿಂತಿತು. ಎಷ್ಟು ಕಟ್ಟು ಕೊತ್ತಂಬರಿ ಬೇಕು ಈ ಮುದುಕಿಗೆ, ಊರಿಗೆಲ್ಲ ಚಟ್ನಿ ಅರೆಯುತ್ತಾಳೋ. ಉತ್ತರದ ತುದಿಯಲ್ಲಿ ಪೀಪಾಯಿಯನ್ನು ಸುತ್ತುಹಾಕಿ ತಿರುಗುವಾಗ ಇನ್ನೊಮ್ಮೆ. ಎರಡು, ಬರಿಯ ಎರಡು, ಒಂದು ಸಲವೂ ಮೂರಕ್ಕೆ ಹೋಗದ ಶಿಸ್ತಿನ ಎರಡು. ಕರಿಯಮ್ಮ ಬಿದ್ದಳೇ. ಬಿದ್ದವಳು ಎದ್ದು ಬಂದು ಫೋನು ಒತ್ತುವಳೇ. ವಾಲಾಜಾ ರಸ್ತೆ ಸೇರುವಲ್ಲಿ, ಎಂಟನೆಯ ಕಿಲೋಮೀಟರಿನ ನೀರಿನ ಮೇಜಿನ ಹತ್ತಿರ ಕಲಾವತಿ ನಿಂತುಬಿಟ್ಟಳು. ಗಂಟು ಬಿಚ್ಚಿದಳು, ಸುತ್ತು ಬಿಚ್ಚಿದಳು, ಬೆಲ್ಲ ಕರಗಿ ಪಾಸಿಗೆ ಅಂಟಿತ್ತು. ಹಾಲಿನ ಕವರಿನೊಳಗೆ ಪುಟ್ಟ ಹಸಿರು ಪರದೆಯಲ್ಲಿ ಮನೆಯಿಂದ ಹನ್ನೊಂದು ಮಿಸ್ಡ್ ಕಾಲ್ ಎಂದಿತ್ತು. ಕೆಂಪು ಬನಿಯನ್ನು ಅವಳ ಪಕ್ಕದಿಂದ ದಾಟಿಹೋಯಿತು. ಕಲಾವತಿ ಮನೆಗೆ ಹಚ್ಚಿದಳು. ಅಲ್ಲಿ ಒಂದು ರಿಂಗಾಯಿತು, ಎರಡಾಯಿತು, ಯಾರೂ ಎತ್ತಲಿಲ್ಲ. ಎತ್ತುವುದಿಲ್ಲ, ರಿಂಗು ಎಣಿಸಬೇಕು ಎಂದು ಅವಳೇ ಕಲಿಸಿದ್ದು. ಐದನೆಯದಕ್ಕೆ ಕರಿಯಮ್ಮ ಹೆದರುತ್ತ ಎತ್ತಿದಳು.

ಯಾರೋ ಹೆಂಗಸು ಏಳು ಗಂಟೆಯ ಮುಂಚೆಯೇ, ಮೊಬೈಲಿಗಲ್ಲ, ಮನೆಯ ನಂಬರಿಗೇ ಫೋನು ಮಾಡಿದ್ದಳಂತೆ. ತಮಿಳಿನಲ್ಲಿ ಪಟಪಟನೆ ಏನೇನೋ ಹೇಳಿದಳಂತೆ. ಕರಿಯಮ್ಮನಿಗೆ ತಿಳಿದದ್ದು ಮೂರೇ ಮಾತು, ಕುಳಂದೈ, ಡಾಕ್ಟರು, ಎಟ್ಟು ಮಣಿ. ಮಗು, ಡಾಕ್ಟರು, ಎಂಟು ಗಂಟೆ. ಹೂ ಹೂ ಎಂದು ಹೇಳಿ ಇಟ್ಟಳಂತೆ. ಆಗಿನಿಂದ ನಿನಗೆ ಬಾರಿಸುತ್ತಲೇ ಇದ್ದೇನೆ ಎಂದಳು.

"ಉದ್ದಕ್ಕೆ ಬಿಡಬಾರದಿತ್ತಾ ಅತ್ತೆ?" ಎಂದಳು ಕಲಾವತಿ. ಧ್ವನಿ ಚೀರಿದ ಹಾಗಾಯಿತು, ನೀರು ಹಂಚುವವರು ತಿರುಗಿ ನೋಡಿದರು.

"ಉದ್ದಕ್ಕೆ ಬಾರ್ಸೋದು ಅವ್ರದ್ದು ಅಂದಿದ್ಯಲ್ಲವ್ವ," ಎಂದಳು ಕರಿಯಮ್ಮ. ಅವಳು ಅಳುತ್ತಿದ್ದಳು. "ನಾನು ಬಾರ್ಸ್ತಾ ಕುಂತ್ರೆ ಅವ್ರು ಬಂದಾಗ ಜಾಗ ಎಲ್ಲಿರ್ತದೆ ಅಂತ ಎರಡ್ಕೇ ಬುಟ್ಟೆ."

ನೀರಿನ ಮೇಜಿನವನ ಕೈಗಡಿಯಾರದಲ್ಲಿ ಏಳೂ ಮೂವತ್ತೊಂದು. ಮಕ್ಕಳ ಮನೆಗೆ ಡಾಕ್ಟರು ಬರುವುದು ಭಾನುವಾರ ಎಂಟಕ್ಕೆ, ಅವರ ಎದುರಿನಲ್ಲಿ ಮಗುವನ್ನು ತೋರಿಸಬೇಕು, ಇಲ್ಲದಿದ್ದರೆ ಮುಂದಿನ ಹೆಸರು. ಶಿವರಾಮು ಈಗ ವಿಳುಪ್ಪುರಂ ದಾಟಿ ಯಾವುದೋ ಬೋಗಿಯಲ್ಲಿ ಯಾರದೋ ಟಿಕೆಟ್ಟಿಗೆ ಗೀಟು ಹಾಕುತ್ತಿದ್ದಾನೆ. ಪೆರಂಬೂರಿಗೆ ಹೋಗಿ, ಮಿಂದು, ಆ ದಿನಕ್ಕೆಂದೇ ಇಸ್ತ್ರಿ ಮಾಡಿಟ್ಟ ಹಸಿರು ಸೀರೆ ಉಟ್ಟು, ಕುಂಕುಮ ಇಟ್ಟುಕೊಂಡು ಬರುವಷ್ಟರಲ್ಲಿ ಒಂಬತ್ತೂವರೆ. ಹೀಗೇ ಹೋದರೆ ಬೂಟು, ಎದೆಯ ಮೇಲೆ ನಂಬರು, ಒದ್ದೆ ಜುಬ್ಬ, ಮತ್ತು ಓಡುವುದನ್ನು ಎಷ್ಟೋ ವರ್ಷದ ಹಿಂದೆ ಬಿಟ್ಟವಳೆಂಬ ಲೀಲಮ್ಮನ ಸಾಲು. ಸುಳ್ಳು ಹೇಳಿದವಳಿಗೆ ಮಗು ಕೊಡುತ್ತಾರೆಯೇ. ಬಲಗಡೆ ವಾಲಾಜಾ ರಸ್ತೆ ಖಾಲಿ ಬಿದ್ದಿತ್ತು, ಓಟಕ್ಕಾಗಿ ಅದರ ಬಾಯಿಗೂ ತಡೆ ಹಾಕಿದ್ದರು, ಒಂದು ಆಟೋ ಇಲ್ಲ. ಕಲಾವತಿ ಬಟ್ಟೆಯನ್ನು ಸರಸರನೆ ಸುತ್ತಿ ಗಂಟು ಬಿಗಿದು, ತಡೆಯ ಕೆಳಗೆ ನುಸುಳಿ, ಓಡಿದಳು.

ಮೊದಲ ಅರ್ಧ ಕಿಲೋಮೀಟರು ಏನೂ ಯೋಚಿಸಲಿಲ್ಲ. ಕ್ರಿಕೆಟ್ ಮೈದಾನದ ಗೋಡೆ ಎಡಕ್ಕೆ ಹಿಂದಕ್ಕೆ ಹೋಯಿತು. ಓಟದ ಸ್ವಯಂಸೇವಕನೊಬ್ಬ ಸೀಟಿ ಊದುತ್ತ ಅಟ್ಟಿಸಿಕೊಂಡು ಬಂದ, ಮೇಡಂ, ರೇಸು ಅಂದ ಪಕ್ಕಂ, ಆ ಕಡೆ ಎಂದು ಕೈ ಬೀಸಿದ. ಮೌಂಟ್ ರೋಡಿನಲ್ಲಿ ಟೀ ಕುಡಿಯುತ್ತಿದ್ದವರೂ ಅದನ್ನೇ ಹೇಳಿದರು. ಅಲ್ಲಿಂದ ಪುದುಪೇಟೆಗೆ ತಿರುಗಿದರೆ, ಹಳೆಯ ಕಾರುಗಳನ್ನು ಒಡೆದು ಮಾರುವ ಅಂಗಡಿಗಳ ಮುಂದೆ ಗ್ರೀಸಿನ ಕೈಯವರೆಲ್ಲ ಎದ್ದು ನಿಂತು, ದಾರಿ ತಪ್ಪಿದ ಅಕ್ಕನನ್ನು ಸರಿದಾರಿಗೆ ಹಚ್ಚುವ ಪುಣ್ಯಕ್ಕೆ ಮುಗಿಬಿದ್ದರು. ಇಡೀ ಮದರಾಸು ಅವಳನ್ನು ಓಟಕ್ಕೆ ವಾಪಸು ಕಳಿಸಲು ಪಣ ತೊಟ್ಟ ಹಾಗಿತ್ತು. ಒಂದು ಆಟೋ ಅವಳ ಪಕ್ಕಕ್ಕೆ ಬಂದು ಅವಳ ವೇಗಕ್ಕೇ ಓಡಿತು, ಏರಮ್ಮಾ, ಎಲ್ಲಿಗೆ ಎಂದ ಡ್ರೈವರು. ಏರಬಹುದಿತ್ತು. ಏರಿ ಕೂತರೆ ಯೋಚನೆ ಬರುತ್ತದೆ, ಯೋಚನೆ ಬಂದರೆ ಸೀರೆ ನೆನಪಾಗುತ್ತದೆ, ಪೆರಂಬೂರು ಅನ್ನುತ್ತದೆ ಬಾಯಿ. ಅವಳಿಗೆ ತನ್ನ ಬಾಯಿಯ ಮೇಲೆ ನಂಬಿಕೆಯಿರಲಿಲ್ಲ, ಕಾಲಿನ ಮೇಲೆ ಇತ್ತು. ತಲೆಯಾಡಿಸಿ ಮುಂದೆ ಹೋದಳು.

ಕೂವಂ ನದಿಯ ಸೇತುವೆಯ ಮೇಲೆ ಆ ಕೊಳಚೆಯ ನಾತವನ್ನೇ ಎದೆ ತುಂಬ ಎಳೆದುಕೊಂಡಳು. ಹಿಂದೆಂದೂ ಇಷ್ಟು ಜೋರಾಗಿ ಓಡಿದವಳಲ್ಲ, ಹೈಸ್ಕೂಲಿನಲ್ಲೂ ಇಲ್ಲ, ಇವತ್ತು ಬೆಳಿಗ್ಗೆಯೂ ಇಲ್ಲ. ಹೆದರಿಕೆಯಿಂದ ಓಡುತ್ತಿದ್ದೇನೆ ಎಂದುಕೊಂಡಿದ್ದಳು, ಅಲ್ಲ, ಇದು ಸಂತೋಷ, ಕುತ್ತಿಗೆಯವರೆಗೆ ತುಂಬಿದ ಸಂತೋಷ, ಹೆದರಿಕೆ ಅದರ ಮೇಲೆ ಬರಿಯ ನೊರೆ. ಮಗು ಬಂದಿದೆ. ಬಿಡು, ಬೇರೆಯವರಿಗೆ ಹೋಗಲಿ, ಆದರೂ ಅವಳ ಹೆಸರಿಗೆ ಒಂದು ಮಗು ಬಂದಿತ್ತು, ಅವಳ ಹೆಸರನ್ನು ಯಾರೋ ಓದಿ ಫೋನು ಹಚ್ಚಿದ್ದರು. ಅದು ಎಷ್ಟು ದೊಡ್ಡದು, ಕೂದಲಿದೆಯೇ, ಈಗ ಎದ್ದಿದೆಯೇ. ಬೇಡ ಎಂದಿದ್ದೆಯಲ್ಲ, ಹತ್ತು ಗಂಟೆಯ ಮೇಲೆ ಬರಲಿ ಎಂದಿದ್ದೆಯಲ್ಲ ಎಂದು ಇನ್ನೊಂದು ದನಿ ಪಕ್ಕಕ್ಕೆ ಬಂತು. ಹೌದು, ಅಂದಿದ್ದೆ. ಅಂದದ್ದು ಕೂಡ ನಾನೇ, ಈಗ ಓಡುತ್ತಿರುವುದೂ ನಾನೇ, ಇಬ್ಬರನ್ನೂ ಕರೆದುಕೊಂಡೇ ಹೋಗುತ್ತೇನೆ. ಲೀಲಮ್ಮನಿಗೆ ಹೇಳಲು ಒಂದು ಮಾತನ್ನೂ ಹೊಲಿಯತೊಡಗಿದಳು. ಕಚೇರಿಯವರ ಬಲವಂತ ಮೇಡಂ, ಹೃದಯ ರೋಗಿಗಳ ಸಹಾಯಾರ್ಥ, ಒಂದೇ ಒಂದು ದಿನ, ಮ್ಯಾನೇಜರು ಬಿಡಲಿಲ್ಲ. ಒಳ್ಳೆಯ ಸುಳ್ಳು. ಎಗ್ಮೋರಿನ ತಿರುವು ಬರುವಷ್ಟರಲ್ಲಿ ಅದಕ್ಕೆ ಅಂಚು, ಜರಿ ಎಲ್ಲ ಕೂಡಿತ್ತು. ಮ್ಯೂಸಿಯಮ್ಮಿನ ಕೆಂಪು ಗೋಡೆ, ಅದರ ಹಿಂದಿನ ಸಂದಿ, ಹಸಿರು ಗೇಟು.

ಗೇಟಿನ ಒಳಗೆ ಡಾಕ್ಟರ ಕಾರು ನಿಂತಿತ್ತು. ವರಾಂಡದ ಗಡಿಯಾರದಲ್ಲಿ ಎಂಟಾಗಲು ಎರಡು ನಿಮಿಷ. ಮೆಟ್ಟಿಲ ಮೇಲೆ ಲೀಲಮ್ಮ ಫೈಲು ಹಿಡಿದು ನಿಂತಿದ್ದಳು, ಯಾರೋ ಸೀರೆಯುಟ್ಟವರು ಬರುತ್ತಾರೆಂದು ರಸ್ತೆ ನೋಡುತ್ತಿದ್ದವಳ ಕಣ್ಣು ಕಲಾವತಿಯ ಮೇಲೆ ಹಾದು, ಮುಂದೆ ಹೋಗಿ, ತಿರುಗಿ ಬಂತು. ಬೂಟು ನೋಡಿತು. ನಂಬರು ನೋಡಿತು. ಕಂಬ ಹಿಡಿದು ಬಗ್ಗಿದ ಕಲಾವತಿಯ ಗದ್ದದಿಂದ ಬೆವರು ತೊಟ್ಟಿಕ್ಕಿ ಮೆಟ್ಟಿಲ ಕಲ್ಲಿನ ಮೇಲೆ ಬೀಳುತ್ತಿತ್ತು.

"ಓಡೋದು ಬಿಟ್ಬುಟ್ಟೆ ಅಂದ್ರಲ್ಲ ನೀವು," ಎಂದಳು ಲೀಲಮ್ಮ.

ಹೊಲಿದ ಸುಳ್ಳು ಬಾಯಿಯವರೆಗೆ ಬಂತು. ಅದು ಉದ್ದ ಇತ್ತು. ಕಚೇರಿಯವರ ಎನ್ನುವಷ್ಟರಲ್ಲಿ ಉಸಿರು ಮುಗಿಯಿತು. ಮತ್ತೆ ಉಸಿರೆಳೆದಳು, ಮತ್ತೆ ಮುಗಿಯಿತು. ಅಷ್ಟು ದೊಡ್ಡ ಮಾತಿಗೆ ಎದೆಯಲ್ಲಿ ಗಾಳಿಯೇ ಇರಲಿಲ್ಲ. ಇದ್ದದ್ದು ಎರಡು ಮಾತಿನಷ್ಟು.

"ಸುಳ್ಳು ಹೇಳಿದ್ದೆ."

ಒಳಗೆ ಎಲ್ಲೋ ಒಂದು ಮಗು ಅಳುತ್ತಿತ್ತು, ಇನ್ನೊಂದು ಅದಕ್ಕೆ ಜೊತೆಯಾಯಿತು. ಆಮೇಲೆ ಲೀಲಮ್ಮ ಐದು ತಿಂಗಳ ಹಿಂದಿನ ಪ್ರಶ್ನೆಯನ್ನೇ ಕೇಳಿದಳು, ಕಾಲೈಲಿ ಮಗೂನ ಯಾರು ನೋಡ್ಕೊಳ್ತಾರೆ ಎಂದು. ಇದು ಪರೀಕ್ಷೆಯೆಂದು ಕಲಾವತಿಗೆ ತಿಳಿಯಿತು. ಬಿಡ್ತೀನಿ ಮೇಡಂ, ನಾಳೆಯಿಂದ ಬಿಡ್ತೀನಿ ಎನ್ನುವುದು ಚಿಕ್ಕ ಮಾತೇ, ಅದಕ್ಕೆ ಉಸಿರು ಸಾಲುತ್ತಿತ್ತು. ಗಡಿಯಾರದ ಮುಳ್ಳು ಕಣ್ಣೆದುರಿಗೇ ಒಂದು ಮನೆ ಸರಿಯಿತು.

"ನಮ್ಮತ್ತೆ," ಎಂದಳು. "ಒಂದು ಗಂಟೆ. ನಾನು ಓಡ್ತೀನಿ. ಬಿಡಲ್ಲ."

ಕಳೆದುಕೊಂಡೆ, ನನ್ನ ಕೈಯಾರೆ ಕಳೆದುಕೊಂಡೆ ಎಂದುಕೊಂಡಳು. ಕರಿಯಮ್ಮನಿಗೆ ಏನು ಹೇಳುವುದು, ಶಿವರಾಮು ರೈಲಿಳಿದು ಬಂದರೆ ಏನು ಹೇಳುವುದು. ಲೀಲಮ್ಮ ಫೈಲು ತೆರೆದಳು, ಯಾವುದೋ ಹಾಳೆಯವರೆಗೆ ತಿರುವಿದಳು, ಅಲ್ಲೊಂದು ಸಾಲಿನ ಮೇಲೆ ಗೀಟೆಳೆದು, ಪಕ್ಕದಲ್ಲಿ ಚಿಕ್ಕದಾಗಿ ಏನೋ ಬರೆದಳು. ಎಲ್ಲಿಂದ ಓಡಿ ಬಂದ್ರಿ ಎಂದು ಕೇಳಿದಳು. ಬೀಚಿನಿಂದ ಎಂದಳು ಕಲಾವತಿ. ಲೀಲಮ್ಮ ಹುಬ್ಬೇರಿಸಿದಳು. ಇನ್ನೂ ಕೋರ್ಟಿದೆ, ಕಾಗದವಿದೆ, ಯಜಮಾನರ ಸಹಿಯಿದೆ, ಇವತ್ತು ಬರೀ ನೋಡೋದು ಅಷ್ಟೇ, ತಿಳೀತಾ ಎಂದು ಗದರಿದ ಹಾಗೆ ಹೇಳಿ, ಬಾಗಿಲ ಪಕ್ಕದ ನಲ್ಲಿಯ ಕಡೆ ಪೆನ್ನು ತೋರಿಸಿದಳು.

"ಕೈ ತೊಳ್ಕೊಂಡು ಬನ್ನಿ. ಮೊಣಕೈವರ್ಗೂ."

ಸೋಪು ಹಾಕಿ ಎರಡು ಸಲ ತೊಳೆದಳು. ಒರೆಸಿಕೊಳ್ಳಲು ಮೈಮೇಲೆ ಒಣಗಿದ ಬಟ್ಟೆ ಒಂದೂ ಇರಲಿಲ್ಲ, ಕೈಗಳನ್ನು ಗಾಳಿಗೆ ಹಿಡಿದುಕೊಂಡೇ ಒಳಗೆ ಹೋದಳು. ಕೋಣೆಯಲ್ಲಿ ಡಾಕ್ಟರು ತೂಕದ ಯಂತ್ರದ ಮೇಲೆ ಬಗ್ಗಿದ್ದರು. ಆಯಾ ಅಲ್ಲಿಂದ ಎತ್ತಿಕೊಂಡು ಬಂದದ್ದು ಐದೋ ಆರೋ ತಿಂಗಳ ಹೆಣ್ಣುಮಗು, ಬೋಳುಮಂಡೆ, ಗಲ್ಲದಲ್ಲಿ ಕಾಡಿಗೆಯ ಬೊಟ್ಟು, ತೂಕಕ್ಕೆ ಇಟ್ಟದ್ದು ಇಷ್ಟವಾಗದ ಸಿಟ್ಟು ಮುಖದ ತುಂಬ. ಕಲಾವತಿಯ ಎದೆ ಇನ್ನೂ ತಿದಿಯೊತ್ತಿದ ಹಾಗೆ ಏಳುತ್ತ ಬೀಳುತ್ತ ಇತ್ತು. ತಡೀರಿ, ಉಸಿರು ಇಳೀಲಿ, ಆಮೇಲೆ ಎತ್ಕೊಳ್ಳಿ ಎಂದಳು ಲೀಲಮ್ಮ.

ಕಲಾವತಿ ತಡೆಯಲಿಲ್ಲ. ಕೈ ಚಾಚಿ ತೆಗೆದುಕೊಂಡಳು. ಅವಳ ಏದುಸಿರಿನ ಮೇಲೆ ಮಗು ಏರಿತು, ಇಳಿಯಿತು, ಮತ್ತೆ ಏರಿತು, ಸಿಟ್ಟು ಮರೆತು ಕಣ್ಣರಳಿಸಿ ಅವಳನ್ನೇ ನೋಡಿತು.